ನಾವು ಕೇಳ್ತಿರೋದು ಯಾರ ಹಾಡು?

"ಚಿಕ್ಕಮ್ಮ, ಮಾಡಿದವನಿಗೇ ಆ ಆಲ್ಬಮ್ ಬೇಡ ಅಂದ್ರೆ, ನಾವು ಕೇಳ್ತಿರೋದು ಯಾರ ಹಾಡು?"

ಭಾನುವಾರ ಅಕ್ಕನ ಮಗ ಹೀಗೆ ಕೇಳಿದ. ಅವತ್ತಿನಿಂದ ಅಡುಗೆ ಮಾಡುವಾಗಲೂ ಅದೇ ಪ್ರಶ್ನೆ, ಬಸ್ಸಿನಲ್ಲೂ ಅದೇ.

ಅವನಿಗೆ ನಾನು ದಿ ಲಾಸ್ ಬ್ಯಾಂಡಿನ 'ದೇರ್ ಶೀ ಗೋಸ್' ಕೇಳಿಸಿದ್ದೆ. ಮೂರು ನಿಮಿಷವೂ ಇಲ್ಲದ ಹಾಡು. ಅದರಲ್ಲಿ ಚರಣ ಅಂತ ಬೇರೆ ಇಲ್ಲ. ಪಲ್ಲವಿಯೇ ಸುತ್ತಿ ಸುತ್ತಿ ಬರುತ್ತದೆ, ನಡುವೆ ಒಂದೇ ಒಂದು ಸಲ ದಾರಿ ಬದಲಿಸುತ್ತದೆ. ಮೊದಲು ಆ ಗಿಟಾರ್, ಆಮೇಲೆ ಲೀ ಮೇವರ್ಸ್‌ನ ಕೊಂಚ ಒರಟು ದನಿ. ಅದರ ಜೊತೆಗೆ ಬೇಸ್ ಗಿಟಾರ್ ನುಡಿಸುವ ಜಾನ್ ಪವರ್ ಮೇಲಿನ ಸ್ವರದಲ್ಲಿ ಸೇರಿಕೊಳ್ಳುತ್ತಾನಲ್ಲ, ಅಲ್ಲಿ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಲಿವರ್‌ಪೂಲ್‌ನಲ್ಲಿ 1983ರಲ್ಲಿ ಮೈಕ್ ಬ್ಯಾಜರ್ ಶುರು ಮಾಡಿದ ಬ್ಯಾಂಡ್ ಇದು. ಮುಂದಿನ ವರ್ಷ ಲೀ ಸೇರಿದ, ಬರಬರುತ್ತಾ ಬ್ಯಾಂಡ್ ಅವನದೇ ಆಯಿತು. ಈ ಹಾಡು 1988ರಲ್ಲಿ ಬಂದಾಗ ಹೆಚ್ಚು ಜನ ಕಿವಿಗೊಡಲಿಲ್ಲ. 1990ರಲ್ಲಿ ಹೊಸ ಮಿಕ್ಸ್, ಅಂದ್ರೆ ಅದೇ ರೆಕಾರ್ಡಿಂಗಿನ ದನಿಗಳನ್ನು ಹೊಸದಾಗಿ ಹೊಂದಿಸಿದ್ದು, ಬಂದಾಗ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ ಏರಿತು. ಈ ಹಾಡಿರುವ ಆಲ್ಬಮ್ ಬಂದದ್ದೂ ಅದೇ ವರ್ಷ. ಮೊದಲನೆಯದೂ ಅದೇ, ಕೊನೆಯದೂ ಅದೇ.

ಆ ಒಂದು ಆಲ್ಬಮ್‌ಗಾಗಿ ಎಷ್ಟು ಜನ ಪ್ರೊಡ್ಯೂಸರ್‌ಗಳು, ಅಂದ್ರೆ ಕೂತು ರೆಕಾರ್ಡಿಂಗ್ ಮಾಡಿಸುವವರು! ಜಾನ್ ಲೆಕಿ, ಮೈಕ್ ಹೆಜಸ್, ಇನ್ನೂ ಕೆಲವರು. ಸ್ಟುಡಿಯೋ ಬದಲಾಯಿತು, ಡ್ರಮ್ಸ್ ನುಡಿಸುವವರು ಬದಲಾದರು. ಲೀಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಸ್ಟೀವ್ ಲಿಲಿವೈಟ್ ಜೊತೆ ಕೂತರು, ಅದನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಕೈಯಲ್ಲಿದ್ದ ರೆಕಾರ್ಡಿಂಗ್‌ಗಳನ್ನೇ ಜೋಡಿಸಿ ಲಿಲಿವೈಟ್ ಕೆಲಸ ಮುಗಿಸಿಕೊಟ್ಟ. ಬಿಡುಗಡೆಯಾದ ಮೇಲೆ ಲೀ ಸಂದರ್ಶನಗಳಲ್ಲಿ ತನ್ನ ಆಲ್ಬಮ್ಮನ್ನೇ ಬೈದ.

ಅಕ್ಕನ ಮಗ ಪೂರ್ತಿ ಲೀ ಪರ. "ಅವನ ತಲೇಲಿ ಕೇಳಿಸ್ತಿದ್ದ ಹಾಡೇ ಬೇರೆ ಚಿಕ್ಕಮ್ಮ. ನಮಗೆ ಸಿಕ್ಕಿರೋದು ಅದಲ್ಲ" ಅಂದ. ಅವನದ್ದೂ ಒಂದು ಬ್ಯಾಂಡ್ ಇದೆ. ಒಂದೇ ಹಾಡನ್ನು ತಿಂಗಳುಗಟ್ಟಲೆ ಮಿಕ್ಸ್ ಮಾಡುತ್ತಾ ಕೂತಿದ್ದಾನೆ. ಒಳ್ಳೆ ಹುಡುಗ, ಕಿವಿ ಬಹಳ ಸೂಕ್ಷ್ಮ, ಹಟ ಅದಕ್ಕಿಂತ ಜಾಸ್ತಿ. ನಾವು ಮಾತಾಡುವಾಗ ಅವರ ಬೇಸ್ ಹುಡುಗ ಪಕ್ಕದಲ್ಲೇ ಕೂತು, ಆಂಪ್ಲಿಫೈಯರ್‌ಗೆ ಹಾಕದ ಗಿಟಾರಿನಲ್ಲಿ ಸುಮ್ನೆ ಬೆರಳಾಡಿಸುತ್ತಿದ್ದ. ಒಂದು ಮಾತೂ ಆಡಲಿಲ್ಲ.

ನನಗೆ ಜಾನ್ ಪವರ್ ನೆನಪಾದದ್ದು ಅವನನ್ನು ನೋಡಿಯೇ. 1986ರಲ್ಲಿ ಬ್ಯಾಂಡ್ ಸೇರಿದಾಗ ಜಾನ್ ಇನ್ನೂ ಚಿಕ್ಕ ಹುಡುಗ. ಅವೇ ಹಾಡುಗಳನ್ನು ವರ್ಷಗಟ್ಟಲೆ ನುಡಿಸಿದ. ಲೀ ಯಾವಾಗ ತೃಪ್ತನಾಗುತ್ತಾನೆ ಅಂತ ಕಾಯುವುದು ಎಂಥ ಕಷ್ಟ, ಅಲ್ವಾ? ಕೊನೆಗೆ 1991ರಲ್ಲಿ ಬಿಟ್ಟುಹೋದ. ಲೀ ದೊಡ್ಡ ಪ್ರತಿಭೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ತಲೆಯೊಳಗಿನ ಹಾಡಿಗಾಗಿ ಬೇರೆಯವರ ವರ್ಷಗಳನ್ನೂ ಖರ್ಚು ಮಾಡಿದ. ಅದು ನನಗೆ ಸರಿ ಕಾಣುವುದಿಲ್ಲ.

ಅವತ್ತು "ನಮ್ದು ಕಣೋ" ಅಂದುಬಿಟ್ಟೆ. ಈಗ ಕೇಳಿದರೆ ಬೇರೆ ಹೇಳುತ್ತೇನೆ. ಆ ಮೇಲಿನ ಸ್ವರ ಜಾನ್‌ನದು. ಅದನ್ನು ನಮ್ಮ ಕಿವಿಗೆ ಮುಟ್ಟಿಸಿದವನು ಲಿಲಿವೈಟ್. ಲೀ ಬೇಡ ಅಂದ ಮಾತ್ರಕ್ಕೆ ಅವರ ಪಾಲು ಅಳಿಸಿಹೋಗುತ್ತಾ?

ಜಾನ್ ಆಮೇಲೆ ಕಾಸ್ಟ್ ಅನ್ನೋ ಬ್ಯಾಂಡ್ ಕಟ್ಟಿದ, ತನ್ನ ಹಾಡುಗಳನ್ನು ತಾನೇ ಬರೆದ. 2025ರಲ್ಲಿ ಹೆಸರಾಂತ ಬ್ಯಾಂಡ್ ಓಯಸಿಸ್ ಮತ್ತೆ ಒಂದಾಗಿ ಬ್ರಿಟನ್ನಿನ ಸ್ಟೇಡಿಯಂಗಳಲ್ಲಿ ನುಡಿಸಿದಾಗ, ಅವರಿಗಿಂತ ಮೊದಲು ವೇದಿಕೆ ಹತ್ತಿದವರಲ್ಲಿ ಕಾಸ್ಟ್ ಕೂಡ ಇತ್ತು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಮನೆ ಹುಡುಗನೇ ಗೆದ್ದಷ್ಟು ಖುಷಿಯಾಗಿತ್ತು.