ಕೊನೆಗೆ ಮೈಸೂರಿಗೇ ಕಳಿಸೋದಾದ್ರೆ ನಿಮ್ಮ ಆಸ್ಪತ್ರೆ ಯಾಕೆ?

ನಾನು ಎಲ್ಲಿ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಸ್ವಲ್ಪ ಸೀರಿಯಸ್ ಆದ್ರೆ ಮೈಸೂರಿಗೆ ಕಳಿಸಿಬಿಡ್ತೀರ. ಹಾಗಿದ್ಮೇಲೆ ನಿಮ್ಮ ಆಸ್ಪತ್ರೆ ಯಾಕೆ ಬೇಕು?" ನೆಂಟರು ಕೇಳುತ್ತಾರೆ, ಜೊತೆಗೆ ಓದಿದವರು ಕೇಳುತ್ತಾರೆ, ಒಮ್ಮೊಮ್ಮೆ ರೋಗಿಯ ಕಡೆಯವರೂ ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತೆ. ಆದರೆ ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎಚ್.ಡಿ. ಕೋಟೆ ಕಡೆಯ ಕಾಡಂಚು. ಟ್ರಸ್ಟ್ ಒಂದು ನಡೆಸುವ ಆಸ್ಪತ್ರೆ, ಅದಕ್ಕೆ ಸೇರಿದ ಸಣ್ಣ ಕ್ಲಿನಿಕ್‌ಗಳು, ಹಾಡಿಯಿಂದ ಹಾಡಿಗೆ, ಅಂದರೆ ಆದಿವಾಸಿಗಳ ಒಂದು ಸಣ್ಣ ಊರಿನಿಂದ ಇನ್ನೊಂದಕ್ಕೆ, ಹೋಗುವ ಒಂದು ವ್ಯಾನು. ಇಷ್ಟು ಸೇರಿ ನಮ್ಮ ಜಾಲ. ನಾನು ಸ್ಟಾಫ್ ನರ್ಸ್. ಮೈಸೂರಿನ ಕೆ.ಆರ್. ಆಸ್ಪತ್ರೆ, ಹೆರಿಗೆಗೆ ಚೆಲುವಾಂಬ, ಹೃದಯಕ್ಕೆ ಜಯದೇವ ಇವೆಲ್ಲ ನಮ್ಮಿಂದ ಐವತ್ತು, ಅರವತ್ತು ಕಿಲೋಮೀಟರ್ ದೂರ. ಕಬಿನಿ ಹಿನ್ನೀರಿನ ಆಚೆ, ಡಿ.ಬಿ. ಕುಪ್ಪೆ ಕಡೆಯವರಿಗೆ ಇನ್ನೂ ದೂರ. ಆ ದೂರದಲ್ಲಿ ಏನೇನು ಆಗಬಹುದು ಅನ್ನುವುದೇ ನಮ್ಮ ಕೆಲಸ. ನನ್ನ ಉತ್ತರವನ್ನು ಚಿಕ್ಕದಾಗಿ ಹೇಳಬೇಕು ಅಂದರೆ, ಕಳಿಸುವುದೂ ಚಿಕಿತ್ಸೆಯೇ. ಚೆನ್ನಾಗಿ ಕಳಿಸಬೇಕಾದರೆ ಇಲ್ಲೊಂದು ಆಸ್ಪತ್ರೆ ಇರಲೇಬೇಕು.

ಹಾವು ಕಡಿತವನ್ನೇ ತಗೊಳ್ಳಿ. ಮಳೆ ಶುರುವಾಗಿ ಹೊಲದ ಕೆಲಸ ಹೆಚ್ಚಾದಾಗ ನಮ್ಮಲ್ಲಿ ಇದು ಜಾಸ್ತಿ. ಕಾಲು ಊದಿಕೊಂಡ ಒಬ್ಬರನ್ನು ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಬರುತ್ತಾರೆ. ಯಾವ ಹಾವು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಕಾಲಿಗೆ ಬಿಗಿದಿರುವ ಹಗ್ಗ ನೋಡುತ್ತೇವೆ. ಡ್ರಿಪ್ ಹಾಕಿ, ಔಷಧ ಕೈಗೆಟುಕುವ ಹಾಗೆ ಇಟ್ಟುಕೊಂಡ ಮೇಲೇ ಅದನ್ನು ನಿಧಾನವಾಗಿ ಸಡಿಲಿಸುವುದು. ಆಮೇಲೆ ಒಂದು ಗಾಜಿನ ಟ್ಯೂಬಿನಲ್ಲಿ ಎರಡು ಎಂಎಲ್ ರಕ್ತ ತೆಗೆದು ಸ್ಟ್ಯಾಂಡಿನಲ್ಲಿ ಇಡುತ್ತೇವೆ. ಟ್ಯೂಬು ಹೊಸದಾಗಿರಬೇಕು, ಒಣಗಿರಬೇಕು, ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ ಆದರೆ ನಡೆಯಲ್ಲ, ಸೋಪಿನಲ್ಲಿ ತೊಳೆದದ್ದಾದರೆ ತಪ್ಪು ತೋರಿಸುತ್ತೆ. 20 ನಿಮಿಷ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಲ್ಲಾಡಿಸುವ ಹಾಗೂ ಇಲ್ಲ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ರಕ್ತ ಹೆಪ್ಪುಗಟ್ಟಿ ನಿಂತಿದ್ದರೆ ಸದ್ಯಕ್ಕೆ ಉಸಿರು ಬಿಡಬಹುದು, ಆದರೂ ಮತ್ತೆ ಮತ್ತೆ ನೋಡುತ್ತಿರಬೇಕು. ನೀರಿನ ಹಾಗೆ ಹರಿದರೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೊಳಕುಮಂಡಲದಂಥ ಹಾವಿನ ವಿಷ ಒಳಗೆ ಕೆಲಸ ಶುರುಮಾಡಿದೆ ಅಂತ ಲೆಕ್ಕ.

ಹೀಗಾದಾಗ ಮೈಸೂರಿಗೆ ಹೊರಟುಬಿಟ್ಟರೆ ಏನಾಗುತ್ತೆ ಯೋಚಿಸಿ. ಗಾಡಿ ಸಿಗಬೇಕು, ರಸ್ತೆ ದಾಟಬೇಕು, ಅಲ್ಲಿ ಚೀಟಿ ಮಾಡಿಸಬೇಕು. ಅಷ್ಟು ಹೊತ್ತೂ ವಿಷ ಓಡುತ್ತಲೇ ಇರುತ್ತೆ. ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಈ ಹೊತ್ತಿನಲ್ಲೇ. ಅದಕ್ಕೇ ನಾವು ಮೊದಲು ಹತ್ತು ವಯಲ್ ಆಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧ, ಹಾಕುತ್ತೇವೆ. ಅಲರ್ಜಿ ಆದರೆ ಅಂತ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲೇ ಇರುತ್ತೆ. ಆಮೇಲೆ, ಬೇಕಾದರೆ ಮಾತ್ರ, ಮೈಸೂರು. ನಮ್ಮ ದೇಶದಲ್ಲಿ ಸಿಗುವ ಈ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯ ಇಲ್ಲ, ದಯವಿಟ್ಟು ತರಬೇಡಿ. ಇದನ್ನು ಪ್ರತಿ ಮಳೆಗಾಲದಲ್ಲೂ ಹಾಡಿಗಳಿಗೆ ಹೋಗಿ ಹೇಳುತ್ತೇವೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಕೇಸನ್ನೂ ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ನನಗೆ ಬಹಳ ಸಂತೋಷವಾಯಿತು. ಲೆಕ್ಕಕ್ಕೆ ಸಿಗದ ಸಾವಿಗೆ ಔಷಧ ಯಾರು ಕಳಿಸುತ್ತಾರೆ?

ಕಟ್ಟುಹಾವಿನದು ಬೇರೆಯದೇ ಕಥೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತೆ, ಎಷ್ಟೋ ಸಲ ಗಾಯವೂ ಕಾಣಲ್ಲ. ಬೆಳಗ್ಗೆ ಹೊಟ್ಟೆನೋವು ಅಂತ ಬರುತ್ತಾರೆ. ಈ ವಿಷ ಸ್ನಾಯುಗಳನ್ನು ಸೋಲಿಸುತ್ತೆ, ಅದಕ್ಕೇ ರೆಪ್ಪೆ ಜೋಲುಬಿದ್ದಿದೆಯಾ ಅಂತ ನೋಡಲು ಗೊತ್ತಿರುವವರು ಬಾಗಿಲಲ್ಲೇ ಇರಬೇಕು. ಇಲ್ಲದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ವಾಪಸ್ ಕಳಿಸಿಬಿಡುತ್ತಾರೆ. ಇವರಿಗೆ ವೆಂಟಿಲೇಟರ್ ಬೇಕಾಗಬಹುದು, ಮೈಸೂರಿಗೆ ಹೋಗಬೇಕಾಗಬಹುದು. ಆದರೆ ಉಸಿರು ನಿಂತದ್ದು ದಾರಿಯಲ್ಲಾದರೆ? ಗಂಟಲಿಗೆ ಟ್ಯೂಬ್ ಹಾಕಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ಮೈಸೂರಿನವರೆಗೆ ಜೊತೆಗೆ ಹೋಗುವವರು ನಾವೇ. ಕೈ ಸೋತರೆ ಇನ್ನೊಬ್ಬರು ಒತ್ತುತ್ತಾರೆ. ಆ ಗಾಡಿಯಲ್ಲಿ ಕೂತವರು ಯಾರೂ "ಸುಮ್ನೆ ರೆಫರ್ ಮಾಡಿದ್ರು" ಅನ್ನಲ್ಲ.

ಹೆರಿಗೆಯಲ್ಲೂ ಇದೇ ಮಾತು. ಬಿಪಿ ಏರಿ ಫಿಟ್ಸ್ ಬಂದ ಬಸುರಿಯನ್ನು ಹಾಗೇ ಗಾಡಿಗೆ ಹತ್ತಿಸಿದರೆ ದಾರಿಯಲ್ಲಿ ಮತ್ತೆ ಫಿಟ್ಸ್ ಬರುತ್ತೆ. ಮೊದಲು ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡಬೇಕು. 4 ಗ್ರಾಂ ನಿಧಾನವಾಗಿ ನರಕ್ಕೆ, 5 ಗ್ರಾಂ ಒಂದೊಂದು ಪಿರ್ರೆಗೆ. ಆಮೇಲೆ ಬಿಪಿ ಇಳಿಸುವ ಔಷಧ. ಆಮೇಲೆ ಚೆಲುವಾಂಬಕ್ಕೆ ಫೋನು. ಪತ್ರದ ಮೇಲ್ಭಾಗದಲ್ಲೇ ಯಾವ ಔಷಧ, ಎಷ್ಟು ಗಂಟೆಗೆ, ಎಷ್ಟು ಅಂತ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಯಾಕೆಂದರೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಪತ್ರವನ್ನು ಯಾರೂ ಬಿಡಿಸಿ ನೋಡದೆ, ರೋಗಿಯನ್ನು ಬಹಳ ಹೊತ್ತು ಸ್ಟ್ರೆಚರ್ ಮೇಲೇ ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಅಂದಿನಿಂದ ಪತ್ರವನ್ನು ಬರೀ ಕೈಗೆ ಕೊಡುವುದಿಲ್ಲ. ಅಲ್ಲಿನ ಡ್ಯೂಟಿ ಸಿಸ್ಟರ್ ಜೊತೆ ಮಾತಾಡಿ, ಓದಿದರು ಅಂತ ಗೊತ್ತಾದ ಮೇಲೇ ಫೋನು ಇಡುತ್ತೇನೆ.

ಇಷ್ಟರವರೆಗೆ ಹೇಳಿದ್ದು ಮೈಸೂರಿಗೆ ಹೊರಟವರ ವಿಷಯ. ಹೊರಡದೇ ಇರುವವರು? ಪ್ರಶ್ನೆ ಕೇಳುವವರಿಗೆ ಇವರು ಕಣ್ಣಿಗೇ ಬೀಳುವುದಿಲ್ಲ. ನಾವು ಚೀಟಿ ಬರೆದು ಕೊಡುತ್ತೇವೆ, ಅವರು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಹಾಡಿಗೆ ವಾಪಸ್ ಹೋಗುತ್ತಾರೆ. ಜೇನುಕುರುಬರ, ಕಾಡುಕುರುಬರ, ಯರವರ ಮನೆಗಳಲ್ಲಿ ಇದು ಜಾಸ್ತಿ. ಹೆದರಿಕೆ ಅಂತ ಒಂದೇ ಮಾತಿನಲ್ಲಿ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ದಿನಗೂಲಿ ತಪ್ಪುತ್ತೆ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಜೊತೆಗೆ ಬಂದವರಿಗೆ ಊಟ ಎಲ್ಲಿ, ಮಲಗುವುದೆಲ್ಲಿ ಗೊತ್ತಿಲ್ಲ. ಅಲ್ಲಿನವರು ಏಕವಚನದಲ್ಲಿ ಗದರಿದರೆ ತಿರುಗಿ ಮಾತಾಡುವ ಧೈರ್ಯ ಇಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ನಿಜ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರಿದ್ದರೆ ಕೌಂಟರಿನಲ್ಲೇ ನಿಂತುಬಿಡುತ್ತೆ. ಇವೆಲ್ಲ ಸರಿಯಾದ ಕಾರಣಗಳೇ ಅಲ್ವಾ? ನನ್ನ ಮನೆಯಲ್ಲೂ ಇದೇ ಪರಿಸ್ಥಿತಿ ಇದ್ದಿದ್ದರೆ ನಾನೂ ಹಿಂದೆ ಮುಂದೆ ನೋಡುತ್ತಿದ್ದೆ.

ಇಂಥವರನ್ನು ಒಪ್ಪಿಸಲು ಉಪಯೋಗಕ್ಕೆ ಬರುವುದು ಡಾಕ್ಟರೂ ಅಲ್ಲ, ನಾನೂ ಅಲ್ಲ. ಹಾಡಿಯಿಂದಲೇ ಬಂದ ನಮ್ಮ ಆರೋಗ್ಯ ಕಾರ್ಯಕರ್ತೆಯರು. ಒಬ್ಬ ಅಜ್ಜಿಯನ್ನು ಅವರಲ್ಲೊಬ್ಬಳು ಒಪ್ಪಿಸುವುದನ್ನು ಒಮ್ಮೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಕಾಯಿಲೆಯ ವಿಷಯ ಕೊನೆಗೆ ಬಂತು. ಮೊದಲು ಬಂದದ್ದು ಆಡಿನ ವಿಷಯ. ಯಾರ ಮನೆಯವರು ಮೇಯಿಸಬೇಕು, ಎಷ್ಟು ದಿನ, ಮರಿ ಹಾಕಿದರೆ ಯಾರು ನೋಡಿಕೊಳ್ಳಬೇಕು. ಅದು ತೀರ್ಮಾನ ಆದಮೇಲೆ ಅಜ್ಜಿ ತಾವಾಗೇ ಸೀರೆ ಬದಲಿಸಲು ಎದ್ದರು. ಆ ಕಾರ್ಯಕರ್ತೆ ಜೊತೆಗೇ ಮೈಸೂರಿಗೆ ಹೋದಳು, ಲಿಫ್ಟಿನಲ್ಲಿ ಕೈ ಹಿಡಿದುಕೊಂಡಳು, ಸ್ಕ್ಯಾನಿಂಗ್ ಕೋಣೆ ಹೊರಗೆ ಕೂತಳು. ಈ ಕೆಲಸಕ್ಕೆ ಯಾವ ಪ್ಯಾಕೇಜಿನಲ್ಲೂ ದರ ಇಲ್ಲ. ನಮ್ಮ ಟ್ರಸ್ಟ್ ಇದಕ್ಕೆ ಸಂಬಳ ಕೊಡುತ್ತೆ. ನಾನು ಇಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ವಾಪಸ್ ಬಂದವರ ವಿಷಯ. ನನ್ನ ಪ್ರಕಾರ ನಮ್ಮ ಕೆಲಸದ ದೊಡ್ಡ ಪಾಲು ಇರುವುದೇ ಇಲ್ಲಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹೃದಯದ ಕವಾಟ ಬದಲಿಸಿ ಕಳಿಸುತ್ತಾರೆ. ಬಹಳ ಚೆನ್ನಾಗಿ ಮಾಡುತ್ತಾರೆ, ಕೈ ಮುಗಿಯಬೇಕು. ಆದರೆ ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ತೆಳುವಾಗುವ ಮಾತ್ರೆ ನುಂಗಬೇಕು. ಜಾಸ್ತಿ ಆದರೆ ರಕ್ತಸ್ರಾವ, ಕಡಿಮೆ ಆದರೆ ಕವಾಟದಲ್ಲೇ ಹೆಪ್ಪು. ಅದಕ್ಕೆ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆಯನ್ನು ಪದೇ ಪದೇ ಮಾಡಿ ಮಾತ್ರೆ ಅರ್ಧ, ಮುಕ್ಕಾಲು ಅಂತ ಹೊಂದಿಸಬೇಕು. ಈ ಪರೀಕ್ಷೆಗೆ ಪ್ರತಿಸಲ ಕೂಲಿ ಬಿಟ್ಟು ಮೈಸೂರಿಗೆ ಹೋಗಲು ಯಾರಿಂದ ಆಗುತ್ತೆ? ಕೀಲುವಾತದ ಜ್ವರದಿಂದ ಕವಾಟ ಕೆಟ್ಟ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬೇಕು, ವರ್ಷಗಟ್ಟಲೆ. ನೋಯುವ ಇಂಜೆಕ್ಷನ್ ಅದು. ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ವ್ಯಾನು ಶಾಲೆ ಹತ್ತಿರವೇ ನಿಲ್ಲುವಂತೆ ಮಾಡಿಕೊಂಡಿದ್ದೇವೆ, ಮೇಷ್ಟ್ರೇ ಕರೆದುಕೊಂಡು ಬರುತ್ತಾರೆ.

ಕುಡುಗೋಲು ಕಣ ರಕ್ತಹೀನತೆ, ನಾವೆಲ್ಲ ಸಿಕಲ್ ಸೆಲ್ ಅನ್ನುವುದು, ಇದಕ್ಕೆ ಇನ್ನೊಂದು ಉದಾಹರಣೆ. ರಕ್ತದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ ಇದು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ಇದನ್ನು ಹೋಗಲಾಡಿಸಬೇಕು ಅಂತ ರಾಷ್ಟ್ರೀಯ ಮಿಷನ್ ಶುರುವಾಗಿದ್ದು 2023ರ ಜುಲೈನಲ್ಲಿ. ನಡುವಿನ ಅಷ್ಟೂ ವರ್ಷ ಮೈಕೈ ನೋವು ಅಂತ ಬಂದ ಹುಡುಗರಿಗೆ ನೋವಿನ ಮಾತ್ರೆ ಕೊಟ್ಟು ಕಳಿಸಿದವರು ಎಷ್ಟು ಜನವೋ. ಪತ್ತೆಯಾದ ಮೇಲೆ ಹೈಡ್ರಾಕ್ಸಿಯೂರಿಯಾ ಮಾತ್ರೆ ದಿನಾ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಆಗಬೇಕು, ಜ್ವರ ಬಂದರೆ ತಡ ಮಾಡಬಾರದು. ಇದೆಲ್ಲ ಮನೆ ಹತ್ತಿರ ನಡೆಯಬೇಕಾದ ಕೆಲಸ. ಎಷ್ಟೇ ದೊಡ್ಡ ಆಸ್ಪತ್ರೆ ಆದರೂ ದೂರದಿಂದ ಇದನ್ನು ಮಾಡಲು ಆಗಲ್ಲ.

ಈ ಯೋಚನೆ ನಮ್ಮ ಟ್ರಸ್ಟಿನದೇ ಹೊಸತು ಅಂತ ಹೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗ ಬುಡಕಟ್ಟಿನವರ ನಡುವೆ ಕೆಲಸ ಶುರುಮಾಡಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರ ಜೊತೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಆಮೇಲೆ ಅದು ಇದೇ ತಾಲ್ಲೂಕುಗಳಿಗೆ ಬಂದು, ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಕರುಣಾ ಟ್ರಸ್ಟ್ ಅನ್ನುವ ಸ್ವಯಂಸೇವಾ ಸಂಸ್ಥೆಯ ಕೈಗೆ ಒಪ್ಪಿಸಿತು. ಇವರೆಲ್ಲ ಹಾಕಿಕೊಟ್ಟ ದಾರಿಯಲ್ಲೇ ನಮ್ಮಂಥವರು ನಡೆಯುತ್ತಿರುವುದು.

ಕಷ್ಟ ಇಲ್ವಾ ಅಂತ ಕೇಳಿದರೆ, ಇದೆ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೆ ಹೋಲಿಸಿದರೆ ಸಂಬಳ ಕಡಿಮೆ. ಹೊಸ ಡಾಕ್ಟರುಗಳು ಬರುತ್ತಾರೆ, ಪಿಜಿ ಸೀಟು ಸಿಕ್ಕಿದ ಕೂಡಲೇ ಹೋಗುತ್ತಾರೆ. ಅವರನ್ನು ದೂರುವುದಿಲ್ಲ. ಆದರೆ ರೋಗಿಗೆ ಪ್ರತಿಸಲ ಹೊಸ ಮುಖ. ರಾತ್ರಿ ಆನೆ ದಾರಿಗೆ ಅಡ್ಡ ನಿಂತರೆ ಆಂಬ್ಯುಲೆನ್ಸ್ ಕಾಯಲೇಬೇಕು. ದಾನಿಗಳಿಗೆ ಕಟ್ಟಡ, ಯಂತ್ರ ಕೊಡಲು ಇಷ್ಟ. ಅದರ ಮೇಲೆ ಹೆಸರು ಬರೆಸಬಹುದು. ಗಾಡಿಯ ಡೀಸೆಲ್‌ಗೆ, ಅಜ್ಜಿಯ ಜೊತೆ ಹೋಗುವ ಹುಡುಗಿಯ ಸಂಬಳಕ್ಕೆ ದುಡ್ಡು ಹುಟ್ಟುವುದು ಕಷ್ಟ. ಯಾರಾದರೂ ಸಹಾಯ ಮಾಡಬೇಕು ಅಂತಿದ್ದರೆ ದಯವಿಟ್ಟು ಇಂಥದ್ದಕ್ಕೆ ಕೊಡಿ.

ನರ್ಸಿಂಗ್ ಓದುತ್ತಿರುವ ಮಕ್ಕಳೂ ಈಗೀಗ ಇದೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳುವಾಗ "ಅಲ್ಲಿ ಬಂದರೆ ಏನು ಕಲೀಬಹುದು ಅಕ್ಕಾ?" ಅನ್ನುವುದು ಒಳಗೆ ಇರುತ್ತೆ. ಓಡುವ ಗಾಡಿಯಲ್ಲಿ ನರ ಹುಡುಕಿ ಡ್ರಿಪ್ ಹಾಕುವುದನ್ನು ಕಲೀತೀರಿ. ಡಾಕ್ಟರು ಬರುವ ಮೊದಲು ಏನು ಮಾಡಬೇಕು ಅಂತ ಸ್ವಂತವಾಗಿ ಯೋಚಿಸುವುದನ್ನು ಕಲೀತೀರಿ. ಜೇನುಕುರುಬರ ಮಾತು ನಾಲ್ಕಾದರೂ ಕಲಿತುಕೊಳ್ಳಿ, ಉಳಿದದ್ದನ್ನು ಹಾಡಿಯ ಅಕ್ಕಂದಿರು ಕಲಿಸುತ್ತಾರೆ. ಬರುವುದಾದರೆ ಒಂದು ಮಳೆಗಾಲವಾದರೂ ಇಲ್ಲಿ ಇರುವ ಹಾಗೆ ಬನ್ನಿ. ಬೇಸಿಗೆಯಲ್ಲಿ ಬಂದು ನೋಡಿ ಹೋದರೆ ಮುಕ್ಕಾಲು ಪಾಲು ಕೆಲಸ ಕಾಣುವುದೇ ಇಲ್ಲ.