ಸಣ್ಣ ಮಷೀನ್ ಶಾಪ್‌ನಲ್ಲಿ ಯಾವುದು ಎಲ್ಲಿರಬೇಕು?

ಒಂದು ಲೇತ್, ಒಂದು ಮಿಲ್ಲಿಂಗ್ ಮಷೀನ್, ಒಂದು ಪಿಲ್ಲರ್ ಡ್ರಿಲ್, ಮೂಲೆಯಲ್ಲೊಂದು ಬೆಂಚ್ ಗ್ರೈಂಡರ್. ಪೀಣ್ಯದ ಕಡೆ ಸಣ್ಣ ಜಾಬ್ ವರ್ಕ್ ಶೆಡ್ ಎಂದರೆ ಹೆಚ್ಚುಕಮ್ಮಿ ಇಷ್ಟೇ. ಐದಾರು ಪೀಸ್‌ಗಳ ಆರ್ಡರ್‌ನಲ್ಲಿ ಕಟಿಂಗ್ ಬೇಗ ಮುಗಿಯುತ್ತದೆ. ಹೊತ್ತು ತಿನ್ನುವುದು ಸೆಟ್ಟಿಂಗ್, ಅದರಲ್ಲೂ ಹುಡುಕಾಟ. ಎಲ್ಲ ಟೂಲ್‌ಗಳನ್ನೂ ಒಂದೇ ಬೀರುವಿನಲ್ಲಿ ಜೋಡಿಸಿಟ್ಟರೆ ನೋಡಲು ಚೆಂದ, ಆದರೆ ಪ್ರತಿ ಸಲವೂ ಮಷೀನ್ ಬಿಟ್ಟು ಓಡಾಡಬೇಕು. ಯಾವ ಮಷೀನ್‌ಗೆ ಬೇಕೋ ಅದರ ಪಕ್ಕದಲ್ಲೇ ಇರಲಿ. ಅಲೆನ್ ಕೀ ಸೆಟ್ ಮೂರು ಕೊಳ್ಳಬೇಕಾಗಿ ಬಂದರೂ ಕೊಳ್ಳಿ.

ಲೇತ್‌ನಲ್ಲಿ ಪೀಸ್ ಹಿಡಿದು ತಿರುಗುವ ಚಕ್‌ನ ಕೀಗೆ ಹೆಡ್‌ಸ್ಟಾಕ್ (ಚಕ್ ಇರುವ ತುದಿ) ಮುಂದೆ ಒಂದು ಕೊಕ್ಕೆ. ಅದು ಕೈಯಲ್ಲಿರಬೇಕು, ಇಲ್ಲ ಕೊಕ್ಕೆಯಲ್ಲಿರಬೇಕು. ಚಕ್‌ನಲ್ಲೇ ಬಿಟ್ಟು ಮಷೀನ್ ಆನ್ ಮಾಡಿದರೆ ಗುಂಡಿನಂತೆ ಹಾರುತ್ತದೆ. ಡ್ರಿಲ್ ಚಕ್, ಸೆಂಟರ್, ಸ್ಲೀವ್‌ಗಳು ಟೇಲ್‌ಸ್ಟಾಕ್ (ಚಕ್‌ಗೆ ಎದುರಿನ ತುದಿ) ಕಡೆ, ತೂತು ಕೊರೆದ ಮರದ ಬ್ಲಾಕ್‌ನಲ್ಲಿ, ಮೇಲೊಂದು ಮುಚ್ಚಳ. ಇವುಗಳ ಟೇಪರ್ (ತುದಿಯತ್ತ ಕಿರಿದಾಗುವ ಹಿಡಿ) ಮೇಲೆ ಸಣ್ಣ ಚಿಪ್ ಕೂತರೂ ಡ್ರಿಲ್ ಓರೆಯಾಗುತ್ತದೆ. ಲೇತ್ ಹಿಂದಿನ ಗೋಡೆಗೆ ಮಾತ್ರ ಏನನ್ನೂ ನೇತುಹಾಕಬೇಡಿ, ತಿರುಗುವ ಚಕ್ ಮೇಲಿಂದ ಕೈ ಚಾಚುವ ಅಭ್ಯಾಸ ಅಲ್ಲಿಂದಲೇ ಶುರು.

ಡ್ರಿಲ್ಲಿಂಗ್ ಹತ್ತಿರ ಡ್ರಿಲ್‌ಗಳನ್ನೊಂದು ಕಡೆ, ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್‌ಗಳನ್ನೊಂದು ಕಡೆ ಇಡುವುದೇ ರೂಢಿ. ಅದಕ್ಕಿಂತ ಸೈಜ್‌ಗೊಂದು ಸಾಲು ಮಾಡಿ: ಥ್ರೆಡ್‌ಗೆ ಮುಂಚಿನ ತೂತಿಗೆ ಟ್ಯಾಪ್ ಡ್ರಿಲ್, ಮೂರು ಟ್ಯಾಪ್‌ಗಳ ಸೆಟ್, ಬೋಲ್ಟ್ ಸಲೀಸಾಗಿ ದಾಟುವ ತೂತಿಗೆ ಕ್ಲಿಯರೆನ್ಸ್ ಡ್ರಿಲ್. ಎಂ5ಕ್ಕೆ (5 ಮಿ.ಮೀ. ಡಯಾದ ಥ್ರೆಡ್) 4.2 ಮತ್ತು 5.5 ಮಿ.ಮೀ., ಎಂ6ಕ್ಕೆ 5.0 ಮತ್ತು 6.6, ಎಂ8ಕ್ಕೆ 6.8 ಮತ್ತು 9.0, ಎಂ10ಕ್ಕೆ 8.5 ಮತ್ತು 11, ಎಂ12ಕ್ಕೆ 10.2 ಮತ್ತು 13.5. ಕೋರ್ಸ್ ಥ್ರೆಡ್‌ನಲ್ಲಿ ಡಯಾದಿಂದ ಪಿಚ್ (ಪಕ್ಕಪಕ್ಕದ ಎರಡು ಥ್ರೆಡ್‌ಗಳ ಅಂತರ) ಕಳೆದರೆ ಟ್ಯಾಪ್ ಡ್ರಿಲ್ ಲೆಕ್ಕ ಸಿಕ್ಕಿತು. ಈ ಸಾಲು ಇಲ್ಲದಿದ್ದರೆ ಎಂ8ಕ್ಕೆ ಕೈಗೆ ಸಿಕ್ಕ 6.5 ಹಾಕುತ್ತಾರೆ, ಟ್ಯಾಪ್ ಬಿಗಿದು ಮುರಿಯುತ್ತದೆ, ಅಥವಾ 7.0 ಹಾಕುತ್ತಾರೆ, 6ಎಚ್ (ನಿಖರತೆಯ ದರ್ಜೆ) ಥ್ರೆಡ್‌ನ ಮೈನರ್ ಡಯಾ (ಒಳವ್ಯಾಸ) ಮಿತಿಯಾದ 6.912 ದಾಟಿ ಪೀಸ್ ರಿಜೆಕ್ಟ್. ಮೊಂಡಾದ ಡ್ರಿಲ್ ಸಾಲಿಗೆ ಮರಳಬಾರದು. ಅದಕ್ಕೊಂದು ಕೆಂಪು ಡಬ್ಬ ಇಡಿ, ಖಾಲಿ ತೂತು ನೋಡಿದವರಿಗೆ ಹೊಸದು ತರಬೇಕೆಂದು ತಾನಾಗಿಯೇ ತಿಳಿಯುತ್ತದೆ.

ಮೈಕ್ರೋಮೀಟರ್, ವರ್ನಿಯರ್‌ಗಳಿಗೆ ಹೆಡ್‌ಸ್ಟಾಕ್ ಜಾಗವಲ್ಲ. ಬೇರೆ ಟೇಬಲ್, ಅದರ ಮೇಲೊಂದು ದಪ್ಪ ಅಲ್ಯೂಮಿನಿಯಂ ಪ್ಲೇಟ್. ಆಗಷ್ಟೇ ತಿರುಗಿಸಿದ 50 ಮಿ.ಮೀ. ಸ್ಟೀಲ್ ಶಾಫ್ಟ್ 25 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಡಯಾ ಸುಮಾರು 14 ಮೈಕ್ರಾನ್ ಹಿಗ್ಗಿರುತ್ತದೆ. ಎಚ್6 ದರ್ಜೆಯ ಫಿಟ್‌ಗೆ ಆ ಸೈಜ್‌ನಲ್ಲಿ ಸಿಗುವ ಟಾಲರೆನ್ಸೇ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) 16 ಮೈಕ್ರಾನ್. ಪೀಸನ್ನು ಆ ಪ್ಲೇಟ್ ಮೇಲೆ ತಣಿಸಿ ಅಳೆಯಿರಿ.

ಗ್ರೈಂಡರ್ ಲೇತ್‌ನಿಂದ ಆದಷ್ಟು ದೂರ, ಸಾಧ್ಯವಿದ್ದರೆ ಗೋಡೆಯಾಚೆ. ಅದರ ವೀಲ್ ಪುಡಿ ಲೇತ್ ಬೆಡ್ ಮೇಲಿನ ಎಣ್ಣೆಗೆ ಅಂಟಿ ಸ್ಲೈಡ್‌ವೇ (ಟೂಲ್ ಜಾರುವ ದಾರಿ) ಸವೆಸುತ್ತದೆ, ಆಮೇಲೆ ಪೀಸ್ ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಬರುತ್ತಿದೆಯೆಂದು ಟೂಲ್ ಬದಲಿಸಿ ಪ್ರಯೋಜನವಿಲ್ಲ.

ಬಾರ್‌ಗಳ ಒಂದು ತುದಿಗೆ ಬಣ್ಣ ಬಳಿಯಿರಿ: ಇಎನ್8 ದರ್ಜೆಯ ಸ್ಟೀಲ್‌ಗೆ ಒಂದು, ಇಎನ್24ಕ್ಕೆ ಇನ್ನೊಂದು. ಕತ್ತರಿಸುವುದು ಸದಾ ಬಣ್ಣವಿಲ್ಲದ ತುದಿಯಿಂದ, ಇಲ್ಲದಿದ್ದರೆ ಉಳಿದ ತುಂಡು ಯಾವುದೆಂದು ಯಾರಿಗೂ ತಿಳಿಯದು. ಹಿತ್ತಾಳೆ, ಅಲ್ಯೂಮಿನಿಯಂ, ಸ್ಟೀಲ್ ಚಿಪ್ಸ್‌ಗೂ ಮೂರು ಡ್ರಮ್ ಬೇಕು. ಬೆರೆತು ಹೋದರೆ ಗುಜರಿಯವರು ಎಲ್ಲಕ್ಕೂ ಕಬ್ಬಿಣದ ರೇಟೇ ಕಟ್ಟುತ್ತಾರೆ.