ಹೊಸ ತಮಿಳು ಹಾಡುಗಳಲ್ಲಿ ಚರಣಕ್ಕೆ ಏನಾಯಿತು?

ಈಗಿನ ತಮಿಳು ಚಿತ್ರಗೀತೆಗಳಲ್ಲಿ ಬರೀ ಗದ್ದಲವಿದೆ, ಸಂಗೀತವಿಲ್ಲ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಅಲ್ಲಿ ಪ್ರತಿಭಾವಂತರಿಗೆ ಬರವಿಲ್ಲ, ಧ್ವನಿಮುದ್ರಣ ಹಿಂದೆಂದಿಗಿಂತಲೂ ಸ್ವಚ್ಛವಾಗಿದೆ, ಹಿನ್ನೆಲೆ ಸಂಗೀತವಂತೂ ಬಹಳ ಬೆಳೆದಿದೆ. ನನ್ನ ಅಸಮಾಧಾನ ಒಂದೇ ಸಂಗತಿಯ ಬಗ್ಗೆ. ಪಲ್ಲವಿ ಕಿವಿಗೆ ಬಿದ್ದ ಕೂಡಲೇ ಹಿಡಿದು ನಿಲ್ಲಿಸುತ್ತದೆ, ಆದರೆ ಆಮೇಲೆ ಹಾಡು ಮುಂದಕ್ಕೆ ಸಾಗುವುದೇ ಇಲ್ಲ. ಚರಣವೆಂಬುದು ಪಲ್ಲವಿ ಮತ್ತೆ ಬರುವವರೆಗೆ ಸಮಯ ತುಂಬಿಸುವ ಭಾಗವಾಗಿಬಿಟ್ಟಿದೆ.

ಶಿವಮೊಗ್ಗದಲ್ಲಿ ಕುಳಿತವರಿಗೆ ತಮಿಳು ಹಾಡಿನ ಚಿಂತೆ ಏಕೆ ಎಂದು ಕೇಳುವವರಿರಬಹುದು. ಹದಿನೆಂಟು ಕಿಲೋಮೀಟರ್ ಆಚೆಗಿನ ಭದ್ರಾವತಿಗೆ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳು ಕುಟುಂಬಗಳ ಮೂರು ನಾಲ್ಕು ತಲೆಮಾರುಗಳು ಇಲ್ಲಿಯೇ ಬೆಳೆದಿವೆ, ಹಾಗಾಗಿ ಈ ಜಿಲ್ಲೆಯ ಮದುವೆ ಮನೆಗಳಲ್ಲಿ, ಖಾಸಗಿ ಬಸ್ಸುಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ತಮಿಳು ಹಾಡು ಹೊರಗಿನದು ಎಂದು ಅನ್ನಿಸಿದ್ದೇ ಇಲ್ಲ. ಇನ್ನೊಂದು ಕಾರಣವೂ ಇದೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹುಟ್ಟಿ, ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಅವರ ಊರಿನವರು ನಾವು. ಭಾವಗೀತೆಗಳನ್ನು ಕೇಳುತ್ತ ಬೆಳೆದವರಿಗೆ ಮೊದಲ ಸಾಲಿನ ಸೊಗಸಷ್ಟೇ ಸಾಲುವುದಿಲ್ಲ. ಮೂರನೆಯ ನುಡಿಗೆ ಬಂದಾಗ ಹಾಡು ಎಲ್ಲಿಗೆ ಮುಟ್ಟಿತು ಎಂದು ನೋಡುವ ಅಭ್ಯಾಸ ನಮಗಿದೆ, ತಮಿಳು ಹಾಡನ್ನೂ ನಾನು ಹಾಗೆಯೇ ಕೇಳುತ್ತೇನೆ.

ಕಳೆದ ಗಣಪತಿ ಹಬ್ಬದಲ್ಲಿ ನಮ್ಮ ಬಡಾವಣೆಯ ಆರ್ಕೆಸ್ಟ್ರಾಕ್ಕೆ ಬಂದಿದ್ದ ಭದ್ರಾವತಿಯ ಕೀಬೋರ್ಡ್ ವಾದಕರೊಬ್ಬರೊಡನೆ ವೇದಿಕೆಯ ಹಿಂದೆ ಮಾತನಾಡುತ್ತ ನಿಂತಿದ್ದೆ. ಎಂಬತ್ತರ ದಶಕದ ಇಳಯರಾಜ ಅವರ ಹಾಡೊಂದಕ್ಕೆ ಚೀಟಿ ಬಂದಾಗ ಅವರು ಬೆರಳು ಮುರಿದುಕೊಂಡು ಕುಳಿತರು, ಏಕೆಂದರೆ ಪಲ್ಲವಿಗೂ ಚರಣಕ್ಕೂ ನಡುವಿನ ವಾದ್ಯಭಾಗದಲ್ಲಿ ಕೊಳಲು, ಪಿಟೀಲುಗಳ ಗುಂಪು, ಗಿಟಾರು ಮೂರನ್ನೂ ಅವರೊಬ್ಬರೇ ಎರಡು ಕೈಯಲ್ಲಿ ನಿಭಾಯಿಸಬೇಕಿತ್ತು. ಸ್ವಲ್ಪ ಹೊತ್ತಿನ ಬಳಿಕ ಹುಡುಗರ ಒತ್ತಾಯಕ್ಕೆ ಹೊಸ ಹಾಡೊಂದು ಶುರುವಾದಾಗ ಅವರು ಪೆನ್‌ಡ್ರೈವಿನಿಂದ ಟ್ರ್ಯಾಕ್ ಹಾಕಿ ಕೈಕಟ್ಟಿ ನಿಂತರು. ‘ಇದರಲ್ಲಿ ನಾನು ನುಡಿಸೋಕೆ ಏನೂ ಇಲ್ಲ ಸಾರ್, ಸೌಂಡ್ ಇದೆ, ನೋಟ್ಸ್ ಇಲ್ಲ’ ಎಂದರು. ಒಂದು ತಾಳದ ಸುರುಳಿ, ಅದರ ಕೆಳಗೆ ಗುಡುಗುವ ಬೇಸ್, ಅಲ್ಲಲ್ಲಿ ತುಂಡರಿಸಿದ ಧ್ವನಿ. ಅದನ್ನು ವೇದಿಕೆಯ ಮೇಲೆ ಮನುಷ್ಯರು ಮರಳಿ ನುಡಿಸುವಂತಿಲ್ಲ. ಒಂದು ಪೀಳಿಗೆಯ ವಾದಕರು ಅಭ್ಯಾಸ ಮಾಡಿ ಕಲಿಯಬಹುದಾದ ಭಾಗವೇ ಹಾಡಿನಿಂದ ಕಣ್ಮರೆಯಾಗಿದೆ ಎಂಬುದು ನನಗೆ ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ಆ ನಷ್ಟದ ಅಳತೆ ತಿಳಿಯಲು 1991ರ ‘ದಳಪತಿ’ಯ ‘ರಾಕ್ಕಮ್ಮಾ ಕೈಯ ತಟ್ಟು’ ಹಾಡನ್ನು ಒಮ್ಮೆ ಪೂರ್ತಿಯಾಗಿ ಕೇಳಬೇಕು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಸ್ವರ್ಣಲತಾ ಹಾಡಿರುವ ಅದು ಮೇಲ್ನೋಟಕ್ಕೆ ಕುಣಿತದ ಹಾಡು, ಅದರ ಪಲ್ಲವಿಯೂ ಇವತ್ತಿನ ಹಾಡುಗಳಷ್ಟೇ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಅಬ್ಬರದ ನಡುವೆ ಹಾಡು ಇದ್ದಕ್ಕಿದ್ದಂತೆ ತಿರುಗಿ ಶಿವಭಕ್ತ ಕವಿ ಅಪ್ಪರ್ ರಚಿಸಿದ ತೇವಾರದ, ಅಂದರೆ ತಮಿಳಿನ ಶಿವಸ್ತುತಿಗಳ, ‘ಕುನಿತ್ತ ಪುರುವಮುಂ’ ಎಂಬ ಪದ್ಯಕ್ಕೆ ಬರುತ್ತದೆ, ಸಂಭ್ರಮ ಭಕ್ತಿಯಾಗುತ್ತದೆ, ಮತ್ತೆ ಅಲ್ಲಿಂದ ಒಂದೂ ಹೊಲಿಗೆ ಕಾಣದಂತೆ ಕುಣಿತಕ್ಕೆ ಮರಳುತ್ತದೆ. ಚಿತ್ರಕಥೆಯಲ್ಲಿ ನಾಯಕ ನಾಯಕಿಯರ ಎರಡು ಲೋಕಗಳು ಎದುರಾಗುವುದನ್ನು ಆ ಹಾಡು ತನ್ನ ಕಟ್ಟಡದಲ್ಲಿಯೇ ಹೇಳಿಬಿಡುತ್ತದೆ. ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಈ ಕೆಲಸ ಆಗುವಂಥದ್ದಲ್ಲ.

ಕಂಪ್ಯೂಟರಿನ ಮೇಲೆ ಇದರ ತಪ್ಪು ಹೊರಿಸುವವರಿದ್ದಾರೆ. ಅದು ಸರಿಯಲ್ಲ. 1992ರಲ್ಲಿ ‘ರೋಜಾ’ ಬಂದಾಗ ಎ.ಆರ್. ರೆಹಮಾನ್ ಅವರು ತಂದದ್ದೂ ಯಂತ್ರಗಳ ನೆರವಿನ ಹೊಸ ಧ್ವನಿಯೇ. ಆದರೂ ಆ ಚಿತ್ರದ ಒಂದೊಂದು ಹಾಡಿನಲ್ಲೂ ಚರಣಕ್ಕೆ ಅದರದೇ ಆದ ಸ್ವರಸಂಚಾರವಿದೆ, ಪಲ್ಲವಿಗೆ ಹಿಂದಿರುಗುವ ದಾರಿಯೂ ಯೋಚಿಸಿ ಮಾಡಿದ್ದು. ಬದಲಾಗಿರುವುದು ಹಾಡನ್ನು ಮಾರುವ ರೀತಿ. ಸ್ಪಾಟಿಫೈಯಂಥ ಸೇವೆಗಳಲ್ಲಿ ಹಾಡನ್ನು 30 ಸೆಕೆಂಡು ಕೇಳಿದರೆ ಸಾಕು, ಅದು ಒಂದು ಬಾರಿ ಕೇಳಿದ ಲೆಕ್ಕಕ್ಕೆ ಸೇರುತ್ತದೆ. ಚಿತ್ರ ತೆರೆಗೆ ಬರುವ ವಾರಗಳ ಮೊದಲೇ ‘ಫಸ್ಟ್ ಸಿಂಗಲ್’ ಎಂದು ಲಿರಿಕಲ್ ವಿಡಿಯೋ ಬರುತ್ತದೆ, ಅದರಿಂದ ರೀಲ್ಸ್‌ಗೆ ಹೊಂದುವ ಒಂದು ತುಂಡು ಹೊರಬೀಳುತ್ತದೆ, ಆ ತುಂಡು ಗೆದ್ದರೆ ಹಾಡು ಗೆದ್ದಂತೆ. ಹೀಗಿರುವಾಗ ಎರಡನೆಯ ಚರಣಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? 2023ರ ‘ಜೈಲರ್’ ಚಿತ್ರದ ‘ಕಾವಾಲಾ’ಕ್ಕೆ ನಮ್ಮ ಊರಿನ ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಕುಣಿದದ್ದನ್ನು ಕಂಡಿದ್ದೇನೆ. ಪಲ್ಲವಿ ಎಲ್ಲರಿಗೂ ಬಾಯಿಪಾಠ, ಅದರ ನಂತರದ ಸಾಲನ್ನು ಗುನುಗುವವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಕಥೆ ಹೇಳುವ ಕ್ರಮವೂ ಬದಲಾಗಿದೆ. 2019ರ ‘ಕೈದಿ’ಯಲ್ಲಿ ಚಿತ್ರಕ್ಕೆಂದು ರಚಿಸಿದ ಹಾಡೇ ಇರಲಿಲ್ಲ, ಆದರೂ ಚಿತ್ರ ಗೆದ್ದಿತು. ಒಂದೇ ರಾತ್ರಿಯಲ್ಲಿ ನಡೆಯುವ ಆ ಕಥೆಗೆ ಹಾಡು ಬೇಕಾಗಿಯೂ ಇರಲಿಲ್ಲ. ಇಂಥ ಚಿತ್ರಗಳು ಹೆಚ್ಚಿದಂತೆ ಸಂಗೀತ ನಿರ್ದೇಶಕರ ಶ್ರಮವೆಲ್ಲ ಹಿನ್ನೆಲೆ ಸಂಗೀತದ ಕಡೆಗೆ ಹರಿಯಿತು, ಅದರ ಫಲವನ್ನು ನಾವು ಕಾಣುತ್ತಲೇ ಇದ್ದೇವೆ. ‘ಜೈಲರ್’ ಚಿತ್ರದ ಕೊನೆಯಲ್ಲಿ ಶಿವರಾಜ್‌ಕುಮಾರ್ ಬರುವ ದೃಶ್ಯದಲ್ಲಿ ಅನಿರುದ್ಧ್ ರವಿಚಂದರ್ ಕೊಟ್ಟ ಸಂಗೀತಕ್ಕೆ ನಮ್ಮ ಚಿತ್ರಮಂದಿರದಲ್ಲಿ ಎದ್ದ ಶಿಳ್ಳೆಯ ನಡುವೆ ನಾನೂ ಇದ್ದೆ. ಮಾತು ತೀರಾ ಕಡಿಮೆಯಿರುವ ಆ ದೃಶ್ಯದ ಅರ್ಧ ತೂಕವನ್ನು ಹೊತ್ತದ್ದು ಸಂಗೀತ. ಜಿ.ವಿ. ಪ್ರಕಾಶ್ ಕುಮಾರ್ ಅವರಿಗೆ ‘ಸೂರರೈ ಪೋಟ್ರು’ ಚಿತ್ರದ ಹಿನ್ನೆಲೆ ಸಂಗೀತಕ್ಕಾಗಿ ಸಿಕ್ಕ ರಾಷ್ಟ್ರಪ್ರಶಸ್ತಿ ಯೋಗ್ಯವಾದದ್ದೇ. ಆದರೆ ಹಿನ್ನೆಲೆ ಸಂಗೀತ ದೃಶ್ಯವನ್ನು ಬಿಟ್ಟು ಮನೆಗೆ ಬರುವುದಿಲ್ಲ. ಅಡುಗೆ ಮಾಡುವಾಗ, ಆಗುಂಬೆಯ ಘಾಟಿಯಲ್ಲಿ ಬಸ್ಸು ತಿರುವು ಏರುವಾಗ ನಮಗೆ ನೆನಪಾಗಬೇಕಾದದ್ದು ಹಾಡು.

ಚಿತ್ರದವರಿಗೂ ಈ ಕೊರತೆ ಗೊತ್ತಿದೆ ಎಂದೇ ನನ್ನ ನಂಬಿಕೆ. ಇಲ್ಲದಿದ್ದರೆ ಹೊಸ ಚಿತ್ರಗಳು ತಮ್ಮ ಉತ್ಕಟ ಗಳಿಗೆಗಳಲ್ಲಿ ಹಳೆಯ ಹಾಡಿನ ಮೊರೆ ಹೋಗುತ್ತಿರಲಿಲ್ಲ. ‘ಲಿಯೋ’ ಚಿತ್ರಕ್ಕೆ 2000ದಲ್ಲಿ ದೇವಾ ಸಂಯೋಜಿಸಿದ ‘ಕರು ಕರು ಕರುಪ್ಪಾಯಿ’ ಬೇಕಾಯಿತು. 2024ರ ‘ಲಬ್ಬರ್ ಪಂದು’ವಿನಲ್ಲಿ ನಡುವಯಸ್ಸಿನ ಬ್ಯಾಟ್ಸ್‌ಮನ್ ಮೈದಾನಕ್ಕೆ ಇಳಿಯುವಾಗ ಮೊಳಗುವುದು 1989ರ ‘ಪೊನ್ಮನ ಸೆಲ್ವನ್’ ಚಿತ್ರದ ಇಳಯರಾಜ ಅವರ ಹಾಡು. ‘96’ ಚಿತ್ರವನ್ನು ನಾನು ತುಂಬ ಪ್ರೀತಿಯಿಂದ ನೋಡಿದವನು, ಗೋವಿಂದ್ ವಸಂತ ಅವರು ಅದಕ್ಕೆ ಮಾಡಿದ ಹಾಡುಗಳೂ ಅಪರೂಪದವು. ಆದರೆ ಎಸ್. ಜಾನಕಿಯವರ ಹೆಸರನ್ನೇ ಹೊತ್ತ ಆ ಕಥೆಯ ನಾಯಕಿ ಕರೆಂಟು ಹೋದ ಕತ್ತಲೆಯಲ್ಲಿ ಕೊನೆಗೂ ಹಾಡುವುದು ‘ದಳಪತಿ’ಯ ‘ಯಮುನೈ ಆಟ್ರಿಲೇ’ ಗೀತೆಯನ್ನು. ವಾದ್ಯಗಳೇ ಇಲ್ಲದೆ ಒಂದು ಕಂಠ ಹಾಡಿದರೂ ಆ ಹಾಡು ಗಟ್ಟಿಯಾಗಿ ನಿಲ್ಲುತ್ತದೆ. ಇವತ್ತಿನ ಜನಪ್ರಿಯ ಗೀತೆಗಳಲ್ಲಿ ಎಷ್ಟು ಹೀಗೆ ನಿಂತಾವು ಎಂದು ಅಂದು ಚಿತ್ರಮಂದಿರದಿಂದ ಹೊರಬರುವಾಗಲೇ ಅನ್ನಿಸಿತ್ತು.

ಕನ್ನಡಕ್ಕೆ ಡಬ್ ಆಗಿ ಬರುವ ಹಾಡುಗಳ ಸ್ಥಿತಿ ಇನ್ನೂ ಕಷ್ಟ. ತಾಳದ ಏಟಿಗೆ ತಕ್ಕಂತೆ ಪದಗಳನ್ನು ತುರುಕಿದಾಗ ನಮ್ಮ ಭಾಷೆಯ ದೀರ್ಘಗಳು ಮುರಿದುಹೋಗುತ್ತವೆ. ಒಂದು ಕಾಲದಲ್ಲಿ ಈ ಕೊಡುಕೊಳ್ಳುವಿಕೆ ಎಷ್ಟು ಚೆನ್ನಾಗಿತ್ತು! 1981ರ ‘ಗೀತಾ’ ಚಿತ್ರಕ್ಕೆ ಚಿ. ಉದಯಶಂಕರ್ ಬರೆದ ‘ಜೊತೆಯಲಿ ಜೊತೆಜೊತೆಯಲಿ’ಯ ಧಾಟಿ ಇಲ್ಲಿ ಕನ್ನಡದ ಮಾತಿಗೆ ಒಗ್ಗಿ ಹುಟ್ಟಿ, ಆಮೇಲೆ 1984ರ ‘ನೂರಾವದು ನಾಳ್’ ಚಿತ್ರದಲ್ಲಿ ತಮಿಳಿನ ಹಾಡಾಯಿತು. ಎರಡೂ ಭಾಷೆಗಳಲ್ಲಿ ಅದು ಸ್ವಂತ ಹಾಡು.

ಇಷ್ಟೆಲ್ಲ ಹೇಳಿದ ಮೇಲೂ ನಾನು ತಮಿಳು ಚಿತ್ರಸಂಗೀತವನ್ನು ಕೈಬಿಟ್ಟಿಲ್ಲ. ನಿರ್ದೇಶಕರು ಕಥೆಯೊಳಗೆ ಹಾಡಿಗೆ ಜಾಗ ಕೊಟ್ಟ ಕಡೆಯೆಲ್ಲ ಒಳ್ಳೆಯ ಹಾಡು ಈಗಲೂ ಬರುತ್ತಿದೆ. 2021ರ ‘ಕರ್ಣನ್’ ಚಿತ್ರದ ‘ಕಂಡಾ ವರ ಸೊಲ್ಲುಂಗ’ ಹಾಡಿನಲ್ಲಿ ಜನಪದ ಗಾಯಕಿ ಕಿಡಕ್ಕುಳಿ ಮಾರಿಯಮ್ಮಾಳ್ ಅವರ ಕಂಠವನ್ನು ಸಂತೋಷ್ ನಾರಾಯಣನ್ ಎಲ್ಲಿಯೂ ನಯಗೊಳಿಸಲು ಹೋಗಿಲ್ಲ. ಆ ದನಿಯ ಒರಟು ಅಂಚು, ಊರಿನ ಮಗನನ್ನು ಕಂಡರೆ ಬರಹೇಳಿ ಎನ್ನುವ ಹೆಂಗಸಿನ ಕರೆಯಾಗಿಯೇ ಉಳಿದಿದೆ, ವಾದ್ಯಗಳು ಅದರ ಬೆನ್ನಿಗೆ ನಿಂತಿವೆ. ಷಾನ್ ರೋಲ್ಡನ್ ಅವರ ಹಾಡುಗಳಲ್ಲಿ ಮನುಷ್ಯರು ಕುಳಿತು ನುಡಿಸಿದ ವಾದ್ಯದ ಉಸಿರು ಇನ್ನೂ ಇದೆ. 2023ರ ‘ವಿಡುದಲೈ’ ಮೊದಲ ಭಾಗದ ‘ಒನ್ನೋಡ ನಡಂದಾ’ದಲ್ಲಿ ನಮ್ಮ ಅನನ್ಯ ಭಟ್ ಅವರು ಧನುಷ್ ಜೊತೆಗೆ ಹಾಡಿದ್ದಾರೆ. ಇಳಯರಾಜ ಅಲ್ಲಿ ಪಲ್ಲವಿ, ವಾದ್ಯಭಾಗ, ಚರಣ ಎಂಬ ತಮ್ಮ ಹಳೆಯ ಕ್ರಮವನ್ನೇ ಹಿಡಿದಿದ್ದಾರೆ, ಹಾಗೆಂದು ಹಾಡು ಹಳತು ಎಂದು ಅನ್ನಿಸುವುದಿಲ್ಲ. 2024ರ ‘ಮೆಯ್ಯಳಗನ್’ ಚಿತ್ರಕ್ಕೆ ಗೋವಿಂದ್ ವಸಂತ ಕಮಲ್ ಹಾಸನ್ ಅವರಿಂದ ಹಾಡಿಸಿದ ‘ಪೋರೇನ್ ನಾ ಪೋರೇನ್’ ಕೂಡ ಹಾಗೆಯೇ, ಆತುರವಿಲ್ಲದೆ ಕೊನೆಯ ಸಾಲಿನವರೆಗೂ ನಡೆಯುತ್ತದೆ.

ಆದ್ದರಿಂದ ಹೊಸ ಚಿತ್ರದ ಫಸ್ಟ್ ಸಿಂಗಲ್ ಬಂದ ದಿನ ಅದನ್ನು ಕೇಳಿ ತೀರ್ಪು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಎಲ್ಲ ಹಾಡುಗಳೂ ಹೊರಬರುವವರೆಗೆ ಕಾಯುತ್ತೇನೆ, ಬಂದ ಮೇಲೆ ಪಟ್ಟಿಯ ಕೊನೆಯಿಂದ ಕೇಳಲು ಶುರು ಮಾಡುತ್ತೇನೆ. ಪ್ರಚಾರಕ್ಕೆ ಬೇಡವೆಂದು ಹಿಂದೆ ಇಟ್ಟ ಹಾಡುಗಳಲ್ಲಿಯೇ ಎಷ್ಟೋ ಸಲ ಎರಡನೆಯ ಚರಣ ಸಿಗುತ್ತದೆ.